ಇನ್ನೂರ ಹನ್ನೆರಡು ಜನರ ಮೊಣಕಾಲು

ಚಿಕ್ಕ ಸೊಸೆಯ ಫೋಟೊ ದಿನಪತ್ರಿಕೆಯಲ್ಲಿ ಬಂದಾಗಿನಿಂದ ದೊಡ್ಡ ಸೊಸೆಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಇಬ್ಬರೂ ಮೂಳೆ ಡಾಕ್ಟರು. ಆಸ್ಪತ್ರೆ ಬೇರೆ ಬೇರೆ. ಮನೆ ಒಂದೇ, ಅತ್ತೆ ಒಬ್ಬರೇ. ಮೊಣಕಾಲು ನೋವಿಗೆ ಹೊಸ ಮಾತ್ರೆ ಕೊಟ್ಟು ನಲವತ್ತು ಜನರಲ್ಲಿ ಗುಣ ಕಂಡೆನೆಂದು ಚಿಕ್ಕವಳು ಬರೆದದ್ದನ್ನು ದೊಡ್ಡ ವೈದ್ಯಕೀಯ ಪತ್ರಿಕೆಯೊಂದು ಅಚ್ಚು ಹಾಕಿತ್ತು. ಅದರ ಬಗ್ಗೆ ದಿನಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಅತ್ತೆ ಫೋಟೊ ಸಮೇತ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಹಾಲು ತೆಗೆಯಲು ಹೋದಾಗಲೆಲ್ಲ ದೊಡ್ಡವಳಿಗೆ ಓರಗಿತ್ತಿಯ ನಗುಮುಖವೇ ಎದುರಾಗುತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಈ ಅತ್ತೆ ಮಾತ್ರ ಹಿತ್ತಲ ಗಿಡವನ್ನೇ ದಿನಕ್ಕೆರಡು ಸಲ ನುಂಗುತ್ತಿದ್ದರು. "ನನ್ನ ಚಿಕ್ಕ ಸೊಸೆ ಕಂಡುಹಿಡಿದ ಮಾತ್ರೆ," ಎಂದು ನೆರೆಮನೆಯವರಿಗೂ ತೋರಿಸುತ್ತಿದ್ದರು. ಕಂಡುಹಿಡಿದದ್ದು ಯಾವುದೋ ಕಂಪನಿ, ಇವಳು ಕೊಟ್ಟು ನೋಡಿದ್ದಷ್ಟೇ ಎಂಬ ಮಾತು ದೊಡ್ಡವಳ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು.

ಹೊಟ್ಟೆಕಿಚ್ಚಿಗೆ ಇನ್ನೊಂದು ಕಾರಣವಿತ್ತು. ಅದೇ ಮಾತ್ರೆಯನ್ನು ದೊಡ್ಡವಳು ಮೂರು ವರ್ಷದ ಹಿಂದೆಯೇ ಇನ್ನೂರ ಹನ್ನೆರಡು ಜನರ ಮೇಲೆ ಪರೀಕ್ಷಿಸಿದ್ದಳು. ಅರ್ಧ ಜನಕ್ಕೆ ಮಾತ್ರೆ, ಉಳಿದರ್ಧಕ್ಕೆ ಬರೀ ಸಕ್ಕರೆಗುಳಿಗೆ. ನೋವು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಮಾತ್ರೆ ತಿಂದವರಲ್ಲಿ ಹಲವರ ಪಾದ ಊದಿತು. "ಏನೂ ಆಗಲಿಲ್ಲ ಅಂತ ಬರೆದ್ರೆ ಯಾರಮ್ಮ ಅಚ್ಚು ಹಾಕ್ತಾರೆ?" ಎಂದು ಅವಳ ಮುಖ್ಯಸ್ಥರು ನಕ್ಕಿದ್ದರು. ಸೋತವಳು ಅನ್ನಿಸಿಕೊಳ್ಳುವುದು ಅವಳಿಗೂ ಬೇಕಿರಲಿಲ್ಲ. ಕಡತ ಬೀರುವಿನ ತಳ ಸೇರಿತು.

ಒಂದು ಬೆಳಿಗ್ಗೆ ಅತ್ತೆಯ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ದೊಡ್ಡ ಸೊಸೆ ನೆಲದಲ್ಲಿ ಕುಳಿತು ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದಲ್ಲಿ ಗುಳಿ ಹಾಗೇ ಉಳಿಯಿತು. ಅವಳಿಗೆ ಮೊದಲು ಆದದ್ದು ಸಂತೋಷ. ನಾಚಿಕೆ ಆಮೇಲೆ ಬಂತು.

"ಅತ್ತೆ, ಆ ಮಾತ್ರೆ ಇವತ್ತೇ ನಿಲ್ಲಿಸಿ."

"ನಿಂಗೆ ಹೊಟ್ಟೆಕಿಚ್ಚು ಕಣೆ," ಎಂದು ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಹೌದು, ಇದೆ. ಆದ್ರೂ ನಿಲ್ಲಿಸಿ."

ಸಂಜೆ ಚಿಕ್ಕವಳು ಆಸ್ಪತ್ರೆಯಿಂದ ಬಂದು ಕುಳಿತದ್ದೇ ದೊಡ್ಡವಳು ಕಡತವನ್ನು ಅವಳ ಮುಂದಿಟ್ಟಳು. ಇವಳ ಮುಖ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಆಗಲೂ ಒಳಗಿತ್ತು. ಚಿಕ್ಕವಳು ಕೊನೆಯ ಪುಟದವರೆಗೂ ಓದಿದಳು. ಮುಖ ಬಿಳಿಚಿಕೊಂಡಿತು.

"ಶುರು ಮಾಡೋ ಮುಂಚೆ ನಾನು ಔಷಧ ಪರೀಕ್ಷೆಗಳ ಸರ್ಕಾರಿ ನೋಂದಣಿ ಪಟ್ಟಿ ನೋಡಿದ್ದೆ, ಅಕ್ಕ. ನಿಮ್ಮದೂ ಅದರಲ್ಲಿತ್ತು. ಫಲಿತಾಂಶದ ಜಾಗ ಖಾಲಿ ಇತ್ತು. ಇನ್ನೂ ನಡೀತಿದೆ ಅಂದ್ಕೊಂಡೆ."

"ನನ್ನನ್ನೇ ಕೇಳಬಹುದಿತ್ತಲ್ಲ?"

"ಎರಡು ಸಲ ನಿಮ್ಮ ಕೋಣೆ ಬಾಗಿಲಿಗೆ ಬಂದೆ. ನನ್ನ ನೋಡಿದ ಕೂಡಲೇ ಆಗಲೂ ನೀವು ಮುಖ ತಿರುಗಿಸಿದ್ರಿ. ಆಗ ಇದು ಸಿಕ್ಕಿದ್ರೆ ಆ ನಲವತ್ತು ಜನಕ್ಕೆ ನಾನು ಮಾತ್ರೆ ಕೊಡ್ತಾನೇ ಇರಲಿಲ್ಲ."

ದೊಡ್ಡವಳು ಕಡತವನ್ನು ತನ್ನತ್ತ ಎಳೆದುಕೊಂಡಳು. ಇಷ್ಟು ದಿನ ತಾನು ಉರಿದುಕೊಂಡ ಆ ಫೋಟೊಗೆ ದಾರಿ ಮಾಡಿಕೊಟ್ಟವಳು ತಾನೇ.

ಒಳಗಿನಿಂದ ಅತ್ತೆ ಕೇಳಿದರು: "ಅಲ್ಲ, ನಿಮ್ಮಿಬ್ಬರಲ್ಲಿ ನಾನು ಯಾರ ಮಾತು ಕೇಳ್ಲಿ?"

"ಅಕ್ಕನ ಮಾತು ಕೇಳಿ ಅತ್ತೆ. ನಾನು ಬರೆದದ್ದು ತಪ್ಪು," ಎಂದಳು ಚಿಕ್ಕವಳು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿನ ಸುದ್ದಿಯನ್ನು ಕಿತ್ತಳು.

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದು ಇವಳಿಗೆ ಎಲ್ಲಿಂದ ಬಂತು ಎಂದು ದೊಡ್ಡವಳಿಗೆ ಮತ್ತೆ ಹೊಟ್ಟೆ ಉರಿಯಿತು.