ಶಾಯಿ ಕಾಣದ ಕಿಟಕಿ

ನಮ್ಮ ಕಟ್ಟಡದ ಲಿಫ್ಟಿನಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವವನು ನಾನೇ. ವೃತ್ತಿಯಲ್ಲಿ ನಾನು ಮೇಲೇರಿದ್ದು ಆ ಲಿಫ್ಟಿನಲ್ಲಿ ಮಾತ್ರ. ಇಡೀ ದಿನ ರೆಕಾರ್ಡಿಂಗ್ ಕೋಣೆಯಲ್ಲಿ ಕೂತು ಜಾಹೀರಾತಿಗಾಗಿ ಹಲ್ಲುಪುಡಿಯ ಗುಣಗಾನ ಮಾಡಿ ಬಂದರೆ, ಸಂಜೆ ನನ್ನನ್ನು ಮಾತಾಡಿಸುವುದು ನನ್ನದೇ ಗಂಟಲು. ‘ಮುಚ್ಚಪ್ಪಾ, ಮುಚ್ಚು’ ಎಂದು ಅದಕ್ಕೆ ಉತ್ತರ ಕೊಟ್ಟು ಮನೆ ಸೇರುತ್ತೇನೆ.

ಮಿಮಿಕ್ರಿ ಕಲಿತದ್ದು ಕಾಮಿಕ್ಸಿನಿಂದ. ಅಕ್ಕ ಪುಟ ತಿರುವುತ್ತಿದ್ದಳು, ನಾನು ಎಲ್ಲ ಪಾತ್ರಗಳ ಬಾಯಿ. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವ ವೀರನಿಗೆ ಅವಳಿಟ್ಟ ಹೆಸರು ಟವೆಲಪ್ಪ. ನನ್ನ ವೀರರು ಮಾತ್ರ ಅವನನ್ನು ಬರೆದ ಇಬ್ಬರು. ಒಬ್ಬರು ಪೆನ್ಸಿಲಿನಲ್ಲಿ ಚಿತ್ರ ಬರೆಯುವವರು, ಇನ್ನೊಬ್ಬರು ಅದರ ಮೇಲೆ ಶಾಯಿ ಹಾಕುವವರು. ನಮಗೆ ಪೆನ್ಸಿಲಣ್ಣ, ಶಾಯಣ್ಣ. ಪೆನ್ಸಿಲಣ್ಣನ ಮುಷ್ಟಿ ಪುಟ ದಾಟಿ ಮೂಗಿಗೇ ಬರುತ್ತಿತ್ತು. ಗುದ್ದಿದವನ ಬೆರಳಿಗೂ ನೋವಾಗಿದೆ ಎಂದು ತಿಳಿಯುತ್ತಿದ್ದುದು ಶಾಯಣ್ಣ ಗೆಣ್ಣಿನ ಕೆಳಗಿಟ್ಟ ನೆರಳಿನಿಂದ. ಟವೆಲು ಪೆನ್ಸಿಲಣ್ಣನದು, ಅದು ಒದ್ದೆಯೋ ಒಣಗಿದೆಯೋ ಎಂಬ ತೀರ್ಪು ಶಾಯಣ್ಣನದು.

ಪೂರ್ತಿ ಕಪ್ಪು ತುಂಬಬೇಕಾದ ಕಡೆ ಪೆನ್ಸಿಲಿನವರು ಸಣ್ಣದೊಂದು ಇಂಟು ಗುರುತು ಹಾಕುತ್ತಾರೆ. ಶಾಯಿಯವರು ಅಲ್ಲಿ ಕಪ್ಪು ಬಳಿಯುತ್ತಾರೆ, ಗುರುತು ಮುಳುಗಿಹೋಗುತ್ತದೆ. ಒಂದು ಸಂಚಿಕೆಯಲ್ಲಿ ಮಾತ್ರ ಟವೆಲಪ್ಪ ಹಾರುವ ಊರಿನ ಒಂದು ಕಿಟಕಿ ಬಿಳಿಯಾಗಿಯೇ ಉಳಿದಿತ್ತು, ಇಂಟು ಸಮೇತ. ಕತ್ತಲೆಯ ಊರಿನಲ್ಲಿ ಅಲ್ಲಿ ಯಾರೋ ದೀಪ ಹಚ್ಚಿಕೊಂಡು ಕೂತಿದ್ದಾರೆ ಎಂದು ನಾನು ನಂಬಿದ್ದೆ. ಶಾಯಣ್ಣ ಬೇಕೆಂದೇ ಬಿಟ್ಟಿರಬೇಕು. ಆ ಸಂಚಿಕೆಯಾದ ಮೇಲೆ ಆ ಇಬ್ಬರ ಹೆಸರು ಒಂದೇ ಪುಟದಲ್ಲಿ ಬರಲೇ ಇಲ್ಲ.

ಶಾಯಣ್ಣ ತೀರಿಕೊಂಡ ಸುದ್ದಿ ಪೇಪರಿನ ಮೂಲೆಯಲ್ಲಿ ಬಂದಾಗ ಅಕ್ಕನಿಗೆ ಫೋನ್ ಮಾಡಿದೆ. ‘ಯಾರೋ ಅದು? ನಿಮ್ಮ ಆಫೀಸಿನವರಾ?’ ಎಂದಳು. ಹೌದು ಎಂದುಬಿಟ್ಟೆ.

ಹಾಗಾಗಿ ಪೆನ್ಸಿಲಣ್ಣ ಪುಸ್ತಕದಂಗಡಿಯೊಂದಕ್ಕೆ ಸಹಿ ಹಾಕಲು ಬರುತ್ತಾರೆಂದು ತಿಳಿದಾಗ ಆ ಸಂಚಿಕೆ ಹಿಡಿದುಕೊಂಡು ಓಡಿದೆ. ಅಲ್ಲಿ ಜನಕ್ಕಿಂತ ಕುರ್ಚಿಗಳೇ ಜಾಸ್ತಿ. ಅಂಗಡಿಯಾಕೆ ‘ಜನ ಬರ್ತಾರೆ ಸರ್, ಟ್ರಾಫಿಕ್ಕು’ ಎಂದು ಪೆನ್ಸಿಲಣ್ಣನಿಗೆ ಕುರ್ಚಿಗಳ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಆ ಮುಷ್ಟಿಗಳನ್ನು ಬರೆದ ಕೈಯಲ್ಲಿ ಈಗ ಟೀ ಲೋಟವಿತ್ತು.

‘ಈ ದರಿದ್ರ ಕಿಟಕಿ ಇನ್ನೂ ಬದುಕಿದ್ಯಾ?’ ಎಂದರು ಪುಟ ನೋಡಿ.

‘ನನಗೆ ತುಂಬಾ ಇಷ್ಟ ಸರ್. ಊರೆಲ್ಲ ಮಲಗಿದ್ರೂ ಒಬ್ರು ಎದ್ದಿರೋ ಹಾಗೆ…’

‘ಯಾರೂ ಎದ್ದಿಲ್ಲ ಕಣಯ್ಯ. ಅವನಿಗೆ ತುಂಬೋದು ಬಿಟ್ಟುಹೋಯ್ತು, ಅಷ್ಟೆ. ಎಲ್ಲರೆದುರಿಗೇ ಕೇಳ್ದೆ, ಕಣ್ಣು ಕಾಣಲ್ವೇನೋ ಅಂತ. ಕುಂಚ ತೊಳ್ದ. ಒರೆಸ್ದ. ಹೊರಟೇಹೋದ.’ ಲೋಟ ಕೆಳಗಿಟ್ಟರು. ‘ನಿಜವಾಗ್ಲೂ ಕಾಣ್ತಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು.’

ನನ್ನ ಕಿಟಕಿಯ ದೀಪ ಆರಿತು.

‘ರೇಡಿಯೋದಲ್ಲಿ ಅವನ ಸಂದರ್ಶನ ಬಂದಿತ್ತಂತೆ. ಕೇಳೋಕೆ ಧೈರ್ಯ ಆಗ್ಲಿಲ್ಲ. ನೀನು ಕೇಳಿದ್ಯಾ?’

‘ಬಾಯಿಪಾಠ ಸರ್. ಅವರ ದನಿ ಕೂಡ ಮಾಡ್ತೀನಿ.’ ಜಂಬ ಕೊಚ್ಚಿಕೊಂಡೆ.

‘ನನ್ನ ಬಗ್ಗೆ ಏನಾದ್ರೂ ಅಂದ್ನಾ?’

ಶಾಯಣ್ಣನ ದನಿ ಗಂಟಲಲ್ಲಿ ತಯಾರಾಗಿ ಕೂತಿತ್ತು. ‘ಅವನಂಥ ಗೆರೆ ಇನ್ನೊಬ್ಬ ಎಳೀಲಿಲ್ಲ’ ಎಂದುಬಿಟ್ಟರೆ ಯಾರ ಗಂಟೇನು ಹೋಗುತ್ತಿತ್ತು? ಹಲ್ಲುಪುಡಿಗೆ ಇಲ್ಲದ ಗುಣ ಹೊರಿಸುವ ಬಾಯಿ ಇದು. ಆದರೆ ಎದುರಿಗಿದ್ದ ಕಣ್ಣು ಶಾಯಣ್ಣನ ಒಂದೊಂದು ಕೂದಲೆಳೆಯಂಥ ಗೆರೆಯನ್ನೂ ಕಂಡದ್ದು. ಸುಳ್ಳು ಗೆರೆ ಎಳೆಯಲು ಕೈ ಬರಲಿಲ್ಲ, ಬಾಯಿಯೂ.

ಮೊದಲು ರೇಡಿಯೋದ ಹುಡುಗಿಯಾದೆ: ‘ನಿಮ್ಮ ಹಳೇ ಜೊತೆಗಾರರ ಬಗ್ಗೆ ಏನ್ ಹೇಳ್ತೀರಾ ಸಾರ್?’

ಆಮೇಲೆ ಶಾಯಣ್ಣನಾದೆ. ಮಾತಿಲ್ಲ. ಮೂಗಿನಿಂದ ಒಂದು ಉಸಿರು. ಕುರ್ಚಿ ಕಿರ್ರ್ ಎಂದದ್ದನ್ನೂ ಮಾಡಿದೆ. ಕೊನೆಗೆ ಎದೆಯಾಳದಿಂದ, ಕೆಳಗಿಳಿದು ತುದಿಯಲ್ಲಿ ತುಸು ಮೇಲೇಳುವ ಒಂದು ‘ಹ್ಞೂಂ’. ಆಮೇಲೆ, ‘ಮುಂದಿನದು ಕೇಳಮ್ಮಾ.’

ಅಷ್ಟೇ ಇದ್ದದ್ದು. ಪೆನ್ಸಿಲಣ್ಣ ಕಣ್ಣು ಮುಚ್ಚಿದ್ದರು. ಅಂಗಡಿಯಾಕೆ ಕುರ್ಚಿ ಮಡಚುವುದನ್ನು ನಿಲ್ಲಿಸಿದ್ದಳು.

‘ಆ ಹ್ಞೂಂ ಇದ್ಯಲ್ಲ. ಇನ್ನೊಂದ್ಸಲ.’

ಮಾಡಿದೆ.

‘ಪ್ರತಿ ಪುಟ ಕೊಟ್ಟಾಗ್ಲೂ ಅವನು ಮಾಡ್ತಿದ್ದದ್ದು ಅದೇ. ಚೆನ್ನಾಗಿದೆ ಅಂತ ಬಾಯಿ ಬಿಟ್ಟು ಒಂದಿನಾನೂ ಹೇಳಿಲ್ಲ, ಪುಣ್ಯಾತ್ಮ.’ ನಕ್ಕರು; ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

ಕಿಟಕಿಯ ಪುಟದಲ್ಲೇ ಪೆನ್ನಿನಿಂದ ಸಹಿ ಹಾಕಿದರು. ಪಕ್ಕದಲ್ಲಿ ಅಷ್ಟೇ ಜಾಗ ಬಿಟ್ಟು, ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು, ಸಣ್ಣದೊಂದು ಇಂಟು ಹಾಕಿದರು.

‘ಇಲ್ಲಿ ಅವನದು’ ಎಂದರು.

ಲಿಫ್ಟಿನಲ್ಲಿ ನನ್ನ ದನಿ ‘ಬಾಗಿಲು ಮುಚ್ಚುತ್ತಿದೆ’ ಎಂದಿತು. ನಾನು ‘ಹ್ಞೂಂ’ ಎಂದೆ. ಮನೆಯಲ್ಲಿ ಅಕ್ಕನ ನಂಬರು ಒತ್ತಿದೆ, ಎತ್ತಲಿಲ್ಲ. ಎತ್ತಿದ್ದರೂ ಎಲ್ಲಿಂದ ಶುರು ಮಾಡುವುದು? ದೀಪದ ಕೆಳಗೆ ಪುಟ ಬಿಚ್ಚಿಟ್ಟು ನೋಡುತ್ತಾ ಕೂತೆ. ಇಂಟು ಗುರುತನ್ನು ಮುಟ್ಟಲಿಲ್ಲ. ಪೆನ್ಸಿಲಿನದು, ಅಳಿಸಿಹೋದೀತು.