ಗುಡುಗಿಗೆ ಎಳೆದ ವೈರು

"ಸುಮನಾಗೆ ಸಕ್ಕರೆ ಕಡಿಮೆ ಹಾಕು," ಎಂದು ಕಲ್ಲೇಶಪ್ಪ ನಡುಮನೆಯಿಂದಲೇ ಹೇಳಿದಾಗ ಗಂಗಾಂಬಿಕೆಯ ಕೈಯಲ್ಲಿದ್ದ ಚಮಚ ಡಬ್ಬಿಯೊಳಗೇ ನಿಂತಿತು. ಮದುವೆಯಾಗಿ ಮೂವತ್ತು ವರ್ಷ ದಾಟಿತ್ತು. ಯಾರ ಕಾಫಿಗೆ ಎಷ್ಟು ಸಕ್ಕರೆ ಎಂಬ ಮಾತು ಈ ಗಂಡಸಿನ ಬಾಯಿಂದ ಬಂದದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಡಾಕ್ಟರ ಮಾತು ಕೇಳಿ ಅವಳು ಸಕ್ಕರೆಯನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ, ಶಿವನೇ ಬಲ್ಲ.

ಅವಳು ಕಂಪ್ಯೂಟರ್ ಸರಿಮಾಡಲು ಬಂದಿದ್ದ ಸುಮನಾಳ ಲೋಟಕ್ಕೆ ಎರಡು ಚಮಚ ತುಂಬಾ ಸುರಿದಳು. ಸುಮನಾ ಒಂದು ಗುಟುಕು ಕುಡಿದು, ಹಾಗೇ ಪೂರ್ತಿ ಮುಗಿಸಿ, "ಚೆನ್ನಾಗಿದೆ ಆಂಟಿ," ಎಂದು ಲೋಟವನ್ನು ತಾನೇ ಬಚ್ಚಲಿಗೆ ಒಯ್ದು ತೊಳೆದಿಟ್ಟಳು. ಅದೂ ಗಂಗಾಂಬಿಕೆಗೆ ಸರಿಬರಲಿಲ್ಲ. ಒಂದು ಸಲ ಮುಖ ಕಿವುಚಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೇಲಾಗಿ ಅವನಿಗೆ 'ಸರ್', ತನಗೆ 'ಆಂಟಿ'. ಒಂದೇ ಮನೆಯಲ್ಲಿ ಗಂಡ ಆಫೀಸಿನವನು, ಹೆಂಡತಿ ಮುದುಕಿ.

ಕಂಪ್ಯೂಟರ್ ಈ ಮನೆಗೆ ಬಂದದ್ದು ಮೊಮ್ಮಗಳ ಮುಖ ನೋಡಲು. ಕಲ್ಲೇಶಪ್ಪ ಸೊಸೈಟಿಯ ಕಾರ್ಯದರ್ಶಿಯಾಗಿದ್ದು ನಿವೃತ್ತನಾದ ವರ್ಷವೇ ನರಸಿಂಹರಾಜಪುರಕ್ಕೆ ಬ್ರಾಡ್‌ಬ್ಯಾಂಡ್ ಬಂತು. ಹುಬ್ಬಳ್ಳಿಯಲ್ಲಿದ್ದ ಮಗಳು ಮೇಘನ, ಕ್ಯಾಮೆರಾ ಹಾಕಿಸಿದರೆ ಭಾನುವಾರ ಭಾನುವಾರ ಮಗುವನ್ನು ತೋರಿಸುತ್ತೇನೆ ಎಂದಳು. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಮಗು ಪರದೆಯ ಮೇಲೆ ಬಂದು ನಾಲಿಗೆ ಚಾಚುತ್ತಿತ್ತು, ಗಂಗಾಂಬಿಕೆ ಇಲ್ಲಿಂದ ಚಾಚುತ್ತಿದ್ದಳು. ಬಾಕಿ ದಿನಗಳಲ್ಲಿ ಕಲ್ಲೇಶಪ್ಪ, ಬೆಳಿಗ್ಗೆ ಬಾಗಿಲಿಗೆ ಬಂದ ಪೇಪರನ್ನೇ ಮತ್ತೆ ಅದರಲ್ಲಿ ತೆರೆದು ಓದಿ, ಅದೇ ಸುದ್ದಿಯನ್ನು ಹೊಸದೆಂಬಂತೆ ಅವಳಿಗೆ ಹೇಳುತ್ತಿದ್ದ.

ಆಮೇಲೆ ಶುರುವಾಯಿತು ಈ ಅಪ್‌ಡೇಟಿನ ಕಾಟ. ಕಂಪ್ಯೂಟರ್ ತನಗೆ ಹೊಸದೇನೋ ಹಾಕಿಕೊಳ್ಳಬೇಕು ಎನ್ನುತ್ತಿತ್ತು, ಹಾಕಿಕೊಳ್ಳಲು ಕೂರುತ್ತಿತ್ತು. ಮುಂದೆ ಚಾಲು ಮಾಡಿದಾಗ ಆಗಲಿಲ್ಲವೆಂದು ಹೇಳಿ, ಹಾಕಿಕೊಂಡದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿಡುತ್ತಾ ಗಂಟೆಗಟ್ಟಲೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಕ್ಯಾಮೆರಾ ಬಂದರೆ ಮಾತಿಲ್ಲ, ಮಾತು ಬಂದರೆ ಕ್ಯಾಮೆರಾ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಸುಮನಾಳನ್ನು ಕಲ್ಲೇಶಪ್ಪ ಕರೆತಂದದ್ದು ಆಗ. ಕಡಹಿನಬೈಲಿನವಳು. ತಾಯಿಯ ಜೊತೆ ಇದ್ದಳು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಕೆಲಸ ಗೊತ್ತಿದ್ದವಳು, ಮಾತು ಕಡಿಮೆ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಗುಳಿಯನ್ನು ಗಂಗಾಂಬಿಕೆ ಮೊದಲ ದಿನವೇ ನೋಡಿಟ್ಟುಕೊಂಡಳು.

ಸುಮನಾ ತನಗೆ ತಿಳಿದ ಮದ್ದನ್ನೆಲ್ಲ ಮಾಡಿದಳು. ಬೇಡದ್ದನ್ನು ಅಳಿಸಿ ಜಾಗ ಮಾಡಿದಳು. ವೈರಸ್ ತಡೆಯುವ ಕಾವಲುಗಾರನೇ ಅಡ್ಡ ಬರುತ್ತಿದ್ದಾನೋ ಎಂದು ಅವನನ್ನೂ ಮಲಗಿಸಿ ನೋಡಿದಳು. ಲೈನು ಸರಿಯಿಲ್ಲವೇನೋ ಎಂದು ಅಪ್‌ಡೇಟನ್ನು ಶಾಲೆಯಲ್ಲೇ ಇಳಿಸಿಕೊಂಡು ಸಿಡಿಯಲ್ಲಿ ತಂದಳು. ಕರೆಂಟು ಹೋಗಿ ಹೀಗಾಗುತ್ತಿರಬೇಕು ಎಂದು ಅನುಮಾನಿಸಿ ಯುಪಿಎಸ್ ಕೊಡಿಸಿದಳು. ಪ್ರತಿ ಸಲವೂ ಎಲ್ಲ ಹೂಡಿಟ್ಟು, ಇನ್ನು ತಾನೇ ಆಗುತ್ತದೆ, ಮುಟ್ಟದೆ ಬಿಡಿ ಸರ್ ಎಂದು ಹೇಳಿ ಸಂಜೆಯ ಬಸ್ಸು ಹಿಡಿಯುತ್ತಿದ್ದಳು. ಕಲ್ಲೇಶಪ್ಪ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಹಾಗೇ ತಿಮ್ಮಣ್ಣನ ಅಂಗಡಿಯ ಕಟ್ಟೆಯ ಮೇಲೆ ಕೂತು ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ ರಗಳೆ.

ವಿಚಿತ್ರವೆಂದರೆ ಅವನಿಗೆ ಬೇಜಾರಾಗುತ್ತಿರಲಿಲ್ಲ. ಮಿಕ್ಸಿ ಒಂದು ದಿನ ಕೆಟ್ಟರೆ ಮನೆ ಹಾರಿಹೋಗುವ ಹಾಗೆ ಕೂಗಾಡುವವನು, ಇದು ಕೆಟ್ಟರೆ ತಣ್ಣಗೆ ಫೋನಿನ ಹತ್ತಿರ ಹೋಗುತ್ತಿದ್ದ. ವಾರಕ್ಕೊಮ್ಮೆ ಸೋಮವಾರ ಮಾತ್ರ ಗಡ್ಡ ಹೆರೆಯುತ್ತಿದ್ದವನು ಈಗ ಸುಮನಾ ಬರುವ ದಿನವೆಲ್ಲ ಹೆರೆದ. ಇಸ್ತ್ರಿ ಮಾಡಿದ ಅಂಗಿ ಹಾಕಿದ. ಪಕ್ಕದ ಮನೆಯ ಸುಲೋಚನಮ್ಮ ಬೇಲಿಯಾಚೆಯಿಂದ, ನಿಮ್ಮನೆ ಕಂಪ್ಯೂಟರಿನ ಬಾಣಂತನ ಇನ್ನೂ ಮುಗಿಯಲಿಲ್ಲವೇನೆ ಗಂಗಾ ಎಂದು ಕೇಳಿ ನಕ್ಕಳು. ಗಂಗಾಂಬಿಕೆಯೂ ನಕ್ಕಳು. ಒಳಗೆ ಬಂದು ಒಗ್ಗರಣೆ ಸೀಯಿಸಿದಳು.

ಇದು ಹೊಟ್ಟೆಕಿಚ್ಚು ಪಡುವ ವಯಸ್ಸೇ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚು ವಯಸ್ಸು ವಿಚಾರಿಸಿಕೊಂಡು ಬರುವುದಿಲ್ಲ, ಬಂದ ಮೇಲೆ ಹೋಗುವುದೂ ಇಲ್ಲ. ಅವನು ಕೆಟ್ಟ ದಾರಿ ಹಿಡಿದಾನೆಂಬ ಭಯ ಅವಳಿಗಿರಲಿಲ್ಲ. ಆ ಹುಡುಗಿಯ ಕಣ್ಣಿನಲ್ಲಂತೂ ಕೆಲಸ ಬಿಟ್ಟು ಬೇರೇನೂ ಇರಲಿಲ್ಲ. ಸಂಕಟ ಬೇರೆಯದೇ. ಸುಮನಾಳ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಾಗ ಅವನ ಮುಖಕ್ಕೆ ಒಂದು ಬೆಳಕು ಬರುತ್ತಿತ್ತಲ್ಲ, ಆ ಮುಖವನ್ನು ಅವಳು ಮದುವೆಯ ಹೊಸತರಲ್ಲಿ ನೋಡಿದ್ದಳು. ಅದು ಎಲ್ಲೋ ಸವೆದುಹೋಯಿತು, ಎಲ್ಲರಿಗೂ ಸವೆಯುತ್ತದೆ ಎಂದುಕೊಂಡಿದ್ದಳು. ಸವೆದಿರಲಿಲ್ಲ, ಇತ್ತು. ತನ್ನ ಪಾಲಿಗೆ ಮಾತ್ರ ಇರಲಿಲ್ಲ.

ಹಿಂಗಾರಿನ ಸಂಜೆಗಳು ಅವು. ಮಧ್ಯಾಹ್ನ ಇಳಿಯುತ್ತಿದ್ದಂತೆ ಭದ್ರೆಯ ಹಿನ್ನೀರಿನ ಮೇಲೆ ಮೋಡ ಕಟ್ಟಿ, ದೀಪ ಹಚ್ಚುವ ಹೊತ್ತಿಗೆ ಗುಡುಗಲು ಶುರು. ಮಳೆ ಬೇಕೆಂದರೆ ಕಿಗ್ಗದ ದೇವಸ್ಥಾನಕ್ಕೆ ಹೋಗಿ ಕೇಳಿಕೊಳ್ಳಬಹುದು, ಸಿಡಿಲು ಬೇಡವೆಂದು ಕೇಳಿಕೊಳ್ಳಲು ಯಾರ ಹತ್ತಿರ ಹೋಗುವುದು? ಮೇಘನಳ ಮದುವೆಯ ವರ್ಷ ಈ ಮನೆಯ ಟಿವಿಯೂ ಫೋನೂ ಒಂದೇ ಸಿಡಿಲಿಗೆ ಸುಟ್ಟಿದ್ದವು. ಅಂದಿನಿಂದ ಮೊದಲ ಗುಡುಗು ಕೇಳಿದೊಡನೆ ಮನೆಯ ವೈರುಗಳನ್ನೆಲ್ಲ ಎಳೆದುಹಾಕುವುದು, ಗುಡುಗು ನಿಂತ ಮೇಲೆ ಮತ್ತೆ ಸಿಕ್ಕಿಸುವುದು ಗಂಗಾಂಬಿಕೆಯ ಪಾಲಿನ ಕೆಲಸ. ಊರಿನ ಎಲ್ಲ ಮನೆಗಳಲ್ಲೂ ಅದನ್ನು ಯಾರೋ ಒಬ್ಬರು ಮಾಡುತ್ತಾರೆ. ಮಳೆ ಬಂದರೆ ಕಿಟಕಿ ಹಾಕಿದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಅವಳೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಆ ಸಂಜೆ ಸುಮನಾ ಬಸ್ಸಿಗೆ ಹೊರಡಲಿಲ್ಲ. ಇವತ್ತು ಇದರ ಕೊನೆ ನೋಡಿಯೇ ಹೋಗುತ್ತೇನೆ, ಕಡೆಯ ಬಸ್ಸಿಗೆ ಹೋದರಾಯಿತು ಎಂದು ಕೂತಳು. ಕಲ್ಲೇಶಪ್ಪ ಸ್ಟೂಲಿನ ಮೇಲೆ. ಪರದೆಯಲ್ಲಿ ಬಿಳಿಯ ಅಕ್ಷರಗಳು, ಅವುಗಳ ಪಕ್ಕ ಒಂದು ಚಕ್ರ ಸುತ್ತುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದುದನ್ನು ಗಂಗಾಂಬಿಕೆ ಅಡಿಗೆಮನೆಯಿಂದ ನೋಡಿದಳು. ಆಗ ಗುಡುಗಿತು. "ಅರ್ಜುನಾ, ಅರ್ಜುನಾ," ಎನ್ನುತ್ತಾ ಅವಳು ಅಂಗಳದ ಬಟ್ಟೆ ಒಳಗೆ ತಂದಳು, ಟಿವಿಯ ವೈರು ಎಳೆದಳು, ಫೋನಿನದು ಎಳೆದಳು. ಅದೇ ಓಟದಲ್ಲಿ ಬಂದು ಕಂಪ್ಯೂಟರಿನ ಮೇಜಿನಡಿಗೆ ಕೈ ಹಾಕಿದಳು.

"ಆಂಟಿ, ತಡೀರಿ. ಎಂತ ಮಾಡ್ತಿದೀರಿ?"

"ಗುಡುಗ್ತಾ ಇದೆಯಲ್ಲ ಮಾರಾಯ್ತಿ. ಎಲ್ಲ ಎಳ್ದಾಯ್ತು, ಇದೊಂದು ಬಾಕಿ."

"ಯಾವಾಗ್ಲೂ ಎಳೀತೀರಾ?"

"ಎಳೀದೆ ಬಿಡ್ಲಿಕ್ಕಾಗ್ತದಾ? ಟಿವಿ ಸುಟ್ಟಿದ್ದು ಮರ್ತಿಲ್ಲ ನಾನು."

"ಮತ್ತೆ ಈ ಯುಪಿಎಸ್ಸು? ಇದು ಕೂಗಲ್ವಾ?"

"ಕೂಗ್ತದೆ. ಗುಂಡಿ ಒತ್ತಿ ಆಫ್ ಮಾಡಿದ್ರೆ ಸುಮ್ಮನಾಗ್ತದೆ."

ಸುಮನಾ ಹಣೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಗಂಗಾಂಬಿಕೆಯ ಕೈಹಿಡಿದು ಪರದೆಯ ಮುಂದೆ ನಿಲ್ಲಿಸಿ, ಬಿಲ್ಲಿನ ಹಾಗೆ ಬಾಗಿದ ಅಕ್ಷರದಿಂದ ಶುರುವಾಗುವ ಸಾಲೊಂದನ್ನು ತೋರಿಸಿದಳು. ಕಂಪ್ಯೂಟರನ್ನು ಆಫ್ ಮಾಡಬೇಡಿ ಎಂದು ಅದು ಅಷ್ಟೂ ಹೊತ್ತು ಬೇಡಿಕೊಳ್ಳುತ್ತಿತ್ತಂತೆ. ಅರ್ಧದಲ್ಲಿ ಆಫಾದರೆ ಮಾಡಿದ್ದೆಲ್ಲ ಬಿಚ್ಚಿಕೊಂಡು ಮೊದಲಿನಿಂದ ಶುರುವಂತೆ.

ಇಂಗ್ಲಿಷ್ ಬಾರದ ಗಂಗಾಂಬಿಕೆಗೆ ಅರ್ಥವಾಗಲು ಮಾತ್ರ ಹೊತ್ತು ಹಿಡಿಯಲಿಲ್ಲ. ಸುಮನಾಳನ್ನು ಮತ್ತೆ ಮತ್ತೆ ಈ ಮನೆಗೆ ಕರೆಸುತ್ತಿದ್ದದ್ದು ಅವನಲ್ಲ, ತಾನೇ. ತನ್ನ ಬೆರಳಿನಿಂದ ತನ್ನ ಕಣ್ಣನ್ನೇ ತಿವಿದುಕೊಂಡ ಹಾಗಾಗಿತ್ತು. ನಾಚಿಕೆಯೂ ಆಯಿತು, ಅದರ ಬೆನ್ನಿಗೇ ಎಂಥದೋ ಹಗುರವೂ ಆಯಿತು. ಮತ್ತೊಮ್ಮೆ ಗುಡುಗಿತು, ಹತ್ತಿರದಲ್ಲೇ. ವೈರಿನತ್ತ ಓಡಿದ ಕೈಯನ್ನು ಅವಳು ಸೆರಗಿನೊಳಗೆ ಸುತ್ತಿಟ್ಟುಕೊಂಡಳು. ಆದರೆ ಆಗಲಿ, ಇಲ್ಲವೇ ಸುಟ್ಟುಹೋಗಲಿ, ಎರಡರಲ್ಲಿ ಯಾವುದಾದರೂ ಇವಳು ಬರುವುದು ನಿಲ್ಲುತ್ತದೆ ಎಂದುಕೊಂಡಳು.

ಸುಡಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಇನ್ನು ನಾನು ಬರಬೇಕಾದ್ದಿಲ್ಲ ಸರ್, ಎಲ್ಲ ಸರಿಯಾಯಿತು ಎಂದಳು ಸುಮನಾ. ಗೆದ್ದವರಿಗೆ ಧಾರಾಳತನ ತಾನಾಗಿ ಬರುತ್ತದೆ. ಗಂಗಾಂಬಿಕೆ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿಯ ಜೊತೆ ಮೇಘನ ತಂದಿದ್ದ ಒಳ್ಳೆಯ ರವಿಕೆ ಕಣವನ್ನೇ ತೆಗೆದಿಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಪ್ರೀತಿಯಿಂದ ಬೀಳ್ಕೊಟ್ಟಳು. ಕಲ್ಲೇಶಪ್ಪ ಹೆಂಡತಿಯನ್ನು ಬೈಯಲಿಲ್ಲ. ಇಷ್ಟು ದಿನ ಹಾಳು ಮಾಡಿದೆಯಲ್ಲ ಎಂದು ಒಂದು ಮಾತೂ ಆಡಲಿಲ್ಲ. ಜಾತ್ರೆ ಮುಗಿದ ಮೇಲೆ ಅಂಗಡಿ ಬಿಚ್ಚುವವನ ಮುಖ ಮಾಡಿಕೊಂಡು ಸ್ಟೂಲನ್ನು ಒಳಗೆ ಒಯ್ದಿಟ್ಟ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಮಗು ಪರದೆಯ ಮೇಲೆ ಹಲ್ಲು ತೋರಿಸಿತು, ಪದ್ಯ ಹೇಳಿತು. ಕಲ್ಲೇಶಪ್ಪನ ಗಡ್ಡ ಮತ್ತೆ ಸೋಮವಾರಕ್ಕೆ ಹೋಯಿತು. ಬಿಳಿ ಕೂದಲು ಮೂಡಿದ ಆ ಕೆನ್ನೆಯನ್ನು ನೋಡಿದಾಗೆಲ್ಲ ಗಂಗಾಂಬಿಕೆಗೆ ಅವನ ಮೇಲೆ ಅಕ್ಕರೆ ಉಕ್ಕುತ್ತಿತ್ತು. ಒಂದು ಬೆಳಿಗ್ಗೆ ಅವಳ ಕಾಫಿ ಲೋಟವನ್ನು ತಪ್ಪಿ ಬಾಯಿಗಿಟ್ಟುಕೊಂಡವನು, ಇದಕ್ಕೆ ಸಕ್ಕರೆಯೇ ಇಲ್ಲವಲ್ಲ ಎಂದು ಗೊಣಗಿದ. ಸಕ್ಕರೆ ಬಿಟ್ಟದ್ದನ್ನು ಅವಳು ಹೇಳಿದಳು. ಹೌದಾ ಎಂದು ಪೇಪರು ಮಡಿಸಿದ. ಅಷ್ಟಕ್ಕೇ ಅವಳು ಇಡೀ ದಿನ ಹಗುರವಾಗಿ ಓಡಾಡಿದಳು.

ಸಂಕ್ರಾಂತಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಒಂದು ದಿನ ಅವಳು ಅಂಗಳದಲ್ಲಿ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟಳು. ಆಕಾಶದಲ್ಲಿ ಅಂಗೈಯಗಲ ಮೋಡವಿರಲಿಲ್ಲ. ಕಾಗೆ ಓಡಿಸಲು ಕೋಲು ಬೇಕಾಗಿ ಜಗಲಿ ಹತ್ತಿದವಳು ಕಿಟಕಿಯಲ್ಲಿ ಹಾಗೇ ಒಳಗೆ ನೋಡಿದಳು. ಪರದೆಯ ಮೇಲೆ ಆ ಚಕ್ರ ಸುತ್ತುತ್ತಿತ್ತು. ಪಕ್ಕದಲ್ಲಿ ಬಿಲ್ಲಿನಂಥ ಅಕ್ಷರದ ಅದೇ ಸಾಲು. ಈಗ ಅದನ್ನು ಓದಲು ಅವಳಿಗೆ ಬರುತ್ತಿತ್ತು. ಸದ್ಯ, ಇವತ್ತು ಗುಡುಗಿಲ್ಲ ಎಂದುಕೊಂಡಳು.

ಕಲ್ಲೇಶಪ್ಪ ಮೇಜಿನ ಪಕ್ಕದಲ್ಲಿ ನಿಂತಿದ್ದ. ಒಮ್ಮೆ ಅಡಿಗೆಮನೆಯ ಕಡೆ ನೋಡಿದ. ಆಮೇಲೆ ಬಗ್ಗಿ, ಮೇಜಿನಡಿಗೆ ಕೈಹಾಕಿ, ವೈರು ಎಳೆದ. ಯುಪಿಎಸ್ ಕೂಗಲು ಬಾಯಿ ತೆಗೆದದ್ದೇ ತಡ, ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸಿದ. ಪರದೆ ಕಪ್ಪಾಯಿತು. ವೈರನ್ನು ಮತ್ತೆ ಇದ್ದಲ್ಲಿ ಸಿಕ್ಕಿಸಿ, ಕೈ ಒರೆಸಿಕೊಂಡು, ಕೆನ್ನೆಯ ಮೇಲೆ ಬೆಳೆದಿದ್ದ ಗಡ್ಡವನ್ನು ಒಮ್ಮೆ ಸವರಿಕೊಂಡ.

ಗಂಗಾಂಬಿಕೆ ಕೋಲನ್ನು ಗೋಡೆಗೊರಗಿಸಿ ಜಗಲಿಯ ಕಂಬದ ಹತ್ತಿರ ಕೂತಳು. ಕಾಗೆಯೊಂದು ಪಂಚೆಯ ಅಂಚಿಗೆ ಬಂದು ಕೂತದ್ದು ಕಾಣುತ್ತಿತ್ತು, ಓಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ದನಿ ಬಂತು.

"ಗಂಗಾ, ಇದು ಮತ್ತೆ ಕೆಟ್ಟು ಕೂತಿದೆ ಮಾರಾಯ್ತಿ. ನೀನೇನಾದ್ರೂ ವೈರ್ ಎಳ್ದ್ಯಾ?"

ಅವಳು ಎದ್ದು ಬಾಗಿಲಿಗೆ ಬಂದಳು. ಅವನ ಕೈಯಲ್ಲಿ ಆಗಲೇ ಫೋನಿತ್ತು.

"ಹೂಂ, ಎಳ್ದೆ," ಎಂದಳು. "ಗುಡುಗ್ತಲ್ಲ. ನಿಮ್ಗೆ ಕೇಳಿಸ್ಲಿಲ್ವಾ?"

ಕಲ್ಲೇಶಪ್ಪ ಅವಳ ಮುಖ ನೋಡಿದ. ಆಮೇಲೆ ಅವಳ ಹೆಗಲಾಚೆ ಅಂಗಳದ ಕಡೆ ನೋಡಿದ. ಬಿಳಿ ಪಂಚೆಯ ಮೇಲೆ ಸಂಡಿಗೆ ಉರಿಬಿಸಿಲಿನಲ್ಲಿ ಹಾಗೇ ಒಣಗುತ್ತಿತ್ತು.