ಬರಗೇರಮ್ಮ ಹಿಡಿದ ಆಕಾಶಬಣ್ಣದ ಫಿಯೆಟ್

ಭರಮಸಾಗರದ ಬರಗೇರಮ್ಮ ಮೂವತ್ತು ವರ್ಷದಿಂದ ಕುರಿ ವ್ಯಾಪಾರದಲ್ಲಿ ಪಳಗಿದವಳು. ಕಾರೆಂದರೆ ಅವಳ ಲೆಕ್ಕದಲ್ಲಿ ಸಂತೆಯ ದಾರಿಗೆ ಅಡ್ಡ ನಿಲ್ಲಿಸುವ ತಗಡಿನ ಡಬ್ಬಿ. ಆದರೆ ಚಿತ್ರದುರ್ಗದ ಹೊರಗೆ, ಮುಚ್ಚಿಹೋದ ಶೇಂಗಾ ಎಣ್ಣೆ ಮಿಲ್ಲಿನ ಅಂಗಳದಲ್ಲಿ ಹಳೇ ಕಾರುಗಳ ಹರಾಜಿದೆ ಎಂದು ಅಣ್ಣನ ಮಗಳು ನಾಗಶ್ರೀ ಹೇಳಿದಾಗ, ಹರಾಜು ಎಂಬ ಮಾತಿಗೇ ಕಿವಿ ನಿಮಿರಿ, ಸೀರೆ ಬದಲಿಸಿ ಹೊರಟುಬಿಟ್ಟಳು. ನಾಗಶ್ರೀ ಹಿರಿಯೂರಿನಲ್ಲಿ ಐಟಿಐ ಹುಡುಗರಿಗೆ ಮೋಟಾರು ರಿಪೇರಿ ಕಲಿಸುವ ಮೇಡಂ. ಅವಳಿಗೆ ಪಾಠಕ್ಕೆಂದು ಹಳೇ ಇಂಜಿನ್ನುಗಳ ನಾಲ್ಕು ಫೋಟೋ ಸಿಕ್ಕರೆ ಸಾಕಿತ್ತು.

ಮಿಲ್ಲಿನ ಯಜಮಾನರು ಜೀವಮಾನವಿಡೀ ಕೂಡಿಟ್ಟಿದ್ದ ಹನ್ನೊಂದು ಕಾರುಗಳು ಶಾಮಿಯಾನದ ಕೆಳಗೆ ಮಿರಿಮಿರಿ ಮಿಂಚುತ್ತಿದ್ದವು. ಸುತ್ತ ಹಗ್ಗ ಕಟ್ಟಿ, ಹರಾಜಿನ ನಂಬರು ಪಡೆದವರನ್ನಷ್ಟೇ ಒಳಗೆ ಬಿಡುತ್ತಿದ್ದರು. ಮಾಲನ್ನು ಮುಟ್ಟದೆ ದೂರದಿಂದ ನೋಡುವುದು ಬರಗೇರಮ್ಮನಿಗೆ ಒಗ್ಗುವ ಕೆಲಸವಲ್ಲ. ನಾಗಶ್ರೀ ಬೇಡವೆಂದು ಸೆರಗು ಜಗ್ಗಿದರೂ ಕೇಳದೆ ಠೇವಣಿ ಕಟ್ಟಿದಳು, ಹದಿನೇಳು ಎಂದು ಬರೆದ ಹಲಗೆ ಹಿಡಿದು ಹಗ್ಗ ದಾಟಿದಳು.

ಆರನೆಯದು ಆಕಾಶಬಣ್ಣದ ಫಿಯೆಟ್. ಅವಳಿಗಿಂತ ಹತ್ತು ವರ್ಷ ದೊಡ್ಡದು. ಅದರ ಮುಂದಿನ ಬಾಗಿಲು ಬೇರೆ ಕಾರುಗಳ ಹಾಗಲ್ಲ, ಬೀರುವಿನ ಕದದಂತೆ ಹಿಂದಕ್ಕೆ ತೆರೆದುಕೊಳ್ಳುತ್ತಿತ್ತು. ಬರಗೇರಮ್ಮ ಚಕ್ರ ಒದ್ದಳು, ಬಾನೆಟ್ಟು ತಟ್ಟಿದಳು, ಕೊನೆಗೆ ಒಳಗೆ ಕುಳಿತು ಹಾರ್ನ್ ಒತ್ತಿದಳು. ಅದು ಮುದಿ ಬಾತುಕೋಳಿಯ ಹಾಗೆ ಕೂಗಿತು. ಪಕ್ಕದಲ್ಲಿ ಗಂಭೀರವಾಗಿ ಇಂಜಿನ್ ನೋಡುತ್ತಿದ್ದ ಇಬ್ಬರು ಹಾರಿಬಿದ್ದರು. ಬರಗೇರಮ್ಮನಿಗೆ ಒಳಗಿನಿಂದ ನಗು ಉಕ್ಕಿಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ.

ಹರಾಜು ಶುರುವಾದಾಗ ಅವಳ ಕಣ್ಣು ಜನರ ಮುಖದ ಮೇಲಿತ್ತು. ಬೆಂಗಳೂರಿನ ಕಡೆ ರೆಸಾರ್ಟು ನಡೆಸುವ ದಯಾನಂದ ಎಂಬಾತ ಕಪ್ಪು ಕನ್ನಡಕ ಹಾಕಿ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಅವನು ಎಲ್ಲ ಕಾರುಗಳ ಕಡೆಗೂ ನೋಡುತ್ತಿದ್ದ, ಫಿಯೆಟ್ ಒಂದನ್ನು ಬಿಟ್ಟು.

"ಆಸೆ ಬಿದ್ದೋನು ಮಾಲಿನ ಕಡೆ ತಿರುಗಿ ನೋಡಲ್ಲ ಕಣೆ. ಅವನಿಗೆ ಅದೇ ಬೇಕಾಗೈತೆ" ಎಂದಳು ಬರಗೇರಮ್ಮ.

ನಾಗಶ್ರೀ ಅವಳನ್ನೇ ದಿಟ್ಟಿಸಿ, "ಅತ್ತೆ, ನೀನೂ ಆಗ್ಲಿಂದ ಅದರ ಕಡೆ ನೋಡ್ತಿಲ್ಲ" ಎಂದಳು.

ಅಷ್ಟರಲ್ಲಿ ಫಿಯೆಟ್ಟಿನ ಸರದಿ ಬಂತು, ಬರಗೇರಮ್ಮನ ಕೈ ತಾನಾಗಿ ಮೇಲೆದ್ದಿತು.

ಒಂದೂವರೆ ಲಕ್ಷದಿಂದ ಕೂಗು ಏರುತ್ತ ಹೋಗಿ, ಉಳಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದಯಾನಂದ ಪ್ರತಿ ಸಲವೂ ಗಲ್ಲ ಕೆರೆದು ಯೋಚಿಸಿ ಏರಿಸುತ್ತಿದ್ದ. ಅವನ ಕೈ ಕೆಳಗಿಳಿಯುವ ಮೊದಲೇ ಬರಗೇರಮ್ಮನ ಹಲಗೆ ಎದ್ದಿರುತ್ತಿತ್ತು. ಯೋಚಿಸುವವನ ಎದುರು ಯೋಚಿಸಬಾರದು ಎಂಬುದು ಸಂತೆಯಲ್ಲಿ ಕಲಿತ ಪಾಠ. ಮೂರು ಲಕ್ಷಕ್ಕೆ ಅವಳೇ ಏರಿಸಿದಳು. ಅಂಗಳ ನಿಶ್ಶಬ್ದವಾಯಿತು. ಆ ಮೌನ ತಾಳಲಾರದೆ ಅವಳು ಮತ್ತೊಮ್ಮೆ ಹಲಗೆ ಎತ್ತಿದಳು.

ಹರಾಜು ಕೂಗುವವರು, ಈಗಿರುವ ಕೂಗು ನಿಮ್ಮದೇ ತಾಯಿ ಎಂದು ಮೆಲ್ಲಗೆ ತಿಳಿಸಿದರು. ಶಾಮಿಯಾನವೇ ಹಾರುವ ಹಾಗೆ ಜನ ನಕ್ಕರು. ದಯಾನಂದ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ತನ್ನ ಹಲಗೆಯನ್ನು ನೆಲಕ್ಕಿಟ್ಟ.

"ತಮ್ಮ ಮೇಲೆ ತಾವೇ ಏರಿಸೋರ ಜೊತೆ ನಾನೇನು ಪೈಪೋಟಿ ಮಾಡ್ಲಿ? ನೀವೇ ತಗೊಳ್ಳಿ ಅಮ್ಮ."

ಸುತ್ತಿಗೆ ಬಿತ್ತು. ಬರಗೇರಮ್ಮ ನಾಗಶ್ರೀಯ ಕಿವಿಯಲ್ಲಿ, ತನಗೆ ಸೈಕಲ್ ಕೂಡ ಬರುವುದಿಲ್ಲವಲ್ಲ ಎಂದಳು.

ಬ್ಯಾಂಕಿಗೆ ಫೋನು ಮಾಡಿ, ಕಾಗದಗಳಿಗೆಲ್ಲ ಸಹಿ ಹಾಕಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ. ನಾಗಶ್ರೀ ಫೋಟೋ ತೆಗೆಯುವುದನ್ನೇ ಮರೆತು ಸ್ಟೀರಿಂಗ್ ಹಿಡಿದಳು. ದಾವಣಗೆರೆ ರಸ್ತೆಯಲ್ಲಿ ಫಿಯೆಟ್ ನಲವತ್ತರ ವೇಗದಲ್ಲಿ, ಬಾಲ ಎತ್ತಿದ ಕರುವಿನ ಉತ್ಸಾಹದಲ್ಲಿ ಸಾಗಿತು. ಲಾರಿಯವರು ಹಾರ್ನ್ ಹೊಡೆದು ಕೈಬೀಸಿದರು. ಬರಗೇರಮ್ಮ ಒಬ್ಬರನ್ನೂ ಬಿಡದೆ ಎಲ್ಲರಿಗೂ ಕೈಬೀಸಿದಳು.

ಭರಮಸಾಗರದ ಕೆರೆಯ ಬಳಿ ಕುರಿಮಂದೆ ದಾರಿ ತುಂಬಿತ್ತು. ಹಿಂದೆ ಅವಳ ಗಂಡ ಚಿತ್ರಲಿಂಗಪ್ಪ. ಯಾರೋ ದೊಡ್ಡ ಮನುಷ್ಯರು ಬಂದರೆಂದು ಅವನು ಕೋಲು ಕಂಕುಳಿಗೆ ಸಿಕ್ಕಿಸಿ ಕೈಮುಗಿದ. ಬಾಗಿಲು ಹಿಂದುಮುಂದಾಗಿ ತೆರೆದು ಹೆಂಡತಿ ಇಳಿದಾಗ ಮುಗಿದ ಕೈ ಹಾಗೇ ನಿಂತಿತು.

"ಯಾರ್ದೇ ಇದು?"

"ನಮ್ದೇ. ಹತ್ರಿ."

ಚಿತ್ರಲಿಂಗಪ್ಪ ಕಾರಿಗೆ ಒಂದು ಸುತ್ತು ಬಂದ. ಕುರಿಗಳನ್ನು ಯಾರು ನೋಡಿಕೊಳ್ಳಬೇಕು ಎಂದು ಗದರಿದ. ಗದರುತ್ತಲೇ ಚಪ್ಪಲಿ ಬಿಟ್ಟು ಹಿಂದಿನ ಸೀಟಿಗೆ ಹತ್ತಿದ. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಕೋಲು ಬೀಸುತ್ತ ಹುರ್ರ್ ಹುರ್ರ್ ಎಂದು ಕೂಗಿದ. ಮಂದೆ ಊರ ಕಡೆ ತಿರುಗಿತು. ಆಕಾಶಬಣ್ಣದ ಫಿಯೆಟ್ ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತ ಎಂಬತ್ತು ಕುರಿಗಳ ಹಿಂದೆ ಊರು ಹೊಕ್ಕಿತು.